ಜಾತ್ರೆಯ ಆಟದ ಬಯಲಿನಲ್ಲಿ ಟಿಕೆಟ್ ಮತ್ತು ಸರದಿ ಸಾಲು
(ಗ್ರಾಮ ಪಂಚಾಯಿತಿ ಸದಸ್ಯರ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಸುಗ್ಗಿ ಮುಗಿದು ಜಾತ್ರೆಗಳ ಕಾಲ ಸಮೀಪಿಸುತ್ತಿದ್ದಂತೆ ಪಂಚಾಯಿತಿಗಳ ಮುಂದೆ ಬರುವ ಅರ್ಜಿಗಳಲ್ಲಿ ಒಂದು ಬಗೆಯದು ಎಲ್ಲ ಕಡೆಯೂ ಒಂದೇ ತೆರನಾಗಿರುತ್ತದೆ. ಜೈಂಟ್ ವೀಲ್, ಕೊಲಂಬಸ್ ದೋಣಿ, ಮಕ್ಕಳ ರೈಲು, ಸಾವಿನ ಬಾವಿ ಮುಂತಾದವುಗಳನ್ನು ಹೂಡಲು ಇಷ್ಟು ಅಡಿ ಜಾಗ ಇಷ್ಟು ದಿನಗಳ ಮಟ್ಟಿಗೆ ಬೇಕು ಎಂಬ ಕೋರಿಕೆ ಅದು. ಸಭೆಯಲ್ಲಿ ಚರ್ಚೆಗೆ ಬರುವುದು ಎರಡೇ ಸಂಗತಿಗಳು: ಜಾಗ ಎಲ್ಲಿ, ಹರಾಜಿನ ಮೊತ್ತ ಎಷ್ಟು. ಆ ಜಾಗದಲ್ಲಿ ಜನ ಎಲ್ಲಿ ನಿಲ್ಲುತ್ತಾರೆ, ಎಷ್ಟು ಹೊತ್ತು ನಿಲ್ಲುತ್ತಾರೆ ಎಂಬುದು ಅರ್ಜಿಯಲ್ಲಿಯೂ ಇರುವುದಿಲ್ಲ, ಠರಾವಿನಲ್ಲಿಯೂ ಇರುವುದಿಲ್ಲ. ತೇರು ಎಳೆದ ರಾತ್ರಿ ಆಟದ ಬಯಲಿನಲ್ಲಿ ಕಾಣುವ ನೂಕಾಟದ ಮೂಲ ಈ ಲೋಪದಲ್ಲಿದೆ. ಅದನ್ನು ಜನರ ಅಶಿಸ್ತು ಎಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಲೆಕ್ಕ ಹಾಕಿ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ.

ಹನ್ನೆರಡು ತೊಟ್ಟಿಲುಗಳ ಒಂದು ಜೈಂಟ್ ವೀಲನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ತೊಟ್ಟಿಲಿಗೆ ನಾಲ್ವರಂತೆ ಒಂದು ಸುತ್ತಿಗೆ 48 ಜನ. ಒಂದೊಂದು ತೊಟ್ಟಿಲನ್ನೂ ಕೆಳಗೆ ತಂದು ನಿಲ್ಲಿಸಿ, ಕುಳಿತವರನ್ನು ಇಳಿಸಿ, ಹೊಸಬರನ್ನು ಹತ್ತಿಸಿ ಅಗುಳಿ ಹಾಕಲು ಅರ್ಧ ನಿಮಿಷವಾದರೂ ಬೇಕು; ಹನ್ನೆರಡಕ್ಕೆ ಆರು ನಿಮಿಷ. ತಿರುಗುವ ಅವಧಿ ನಾಲ್ಕು ನಿಮಿಷ. ಅಲ್ಲಿಗೆ ಒಂದು ಆಟಕ್ಕೆ ಹತ್ತು ನಿಮಿಷ, ಗಂಟೆಗೆ ಆರು ಆಟ, 288 ಜನ. ಆ ಯಂತ್ರದ ಶಕ್ತಿ ಅಷ್ಟೇ. ಆದರೆ ಟಿಕೆಟ್ ಕೊಡುವ ಕೈಗೆ ಇಂತಹ ಮಿತಿ ಇಲ್ಲ. ಕುಟುಂಬಕ್ಕೆ ನಾಲ್ಕರಂತೆ ಹರಿದು ಕೊಟ್ಟರೆ ಒಂದೇ ಗಂಟೆಯಲ್ಲಿ ಆರುನೂರು ಟಿಕೆಟ್ ಮಾರುವುದು ಕಷ್ಟವೇನಲ್ಲ. ಸಂಜೆ ಏಳರಿಂದ ಒಂಬತ್ತರವರೆಗೆ ಹೀಗೆಯೇ ಮಾರಾಟ ನಡೆದರೆ 1,200 ಟಿಕೆಟ್‌ಗಳು ಹೊರಬಿದ್ದಿರುತ್ತವೆ. ತೊಟ್ಟಿಲು ಹತ್ತಿ ಇಳಿದವರು 576 ಮಂದಿ. ಉಳಿದ 624 ಜನ ಹಣ ಕೊಟ್ಟು ಬಯಲಿನಲ್ಲಿ ನಿಂತಿರುತ್ತಾರೆ. ಅವರಲ್ಲಿ ಕೊನೆಯವರ ಸರದಿ ಬರುವಾಗ ರಾತ್ರಿ ಹನ್ನೊಂದು ದಾಟುತ್ತದೆ. ಪಕ್ಕದ ಹಳ್ಳಿಯಿಂದ ಮಕ್ಕಳನ್ನು ಕರೆದುಕೊಂಡು ಬಂದ ತಾಯಿಗೆ ಕೊನೆಯ ಬಸ್ಸು ಅಷ್ಟರೊಳಗೆ ಹೋಗಿರುತ್ತದೆ. ಟಿಕೆಟಿನ ಹಣ ಬಿಟ್ಟು ಬಸ್ಸಿಗೆ ಓಡಬೇಕು, ಇಲ್ಲವೇ ಮುಂದಿನವರನ್ನು ತಳ್ಳಿ ಮುಂದಕ್ಕೆ ಹೋಗಬೇಕು. ಇಂತಹ ಇಕ್ಕಟ್ಟಿಗೆ ಆಕೆಯನ್ನು ಸಿಲುಕಿಸಿದ್ದು ಆಕೆಯ ಸ್ವಭಾವವಲ್ಲ, ಸುತ್ತಿಗೆ ಎಷ್ಟು ಜನ ಹಿಡಿಸುತ್ತಾರೆಂದು ನೋಡದೆ ಹರಿದ ಟಿಕೆಟ್ಟು.

ಸಾಲನ್ನು ಅಳೆಯಲು ಒಂದು ಸರಳ ಸೂತ್ರವಿದೆ. ಸಾಲಿನಲ್ಲಿ ಇರುವವರ ಸಂಖ್ಯೆ ಎಂದರೆ ಗಂಟೆಗೆ ಹಾದುಹೋಗುವವರ ಸಂಖ್ಯೆಯನ್ನು ಸರಾಸರಿ ಕಾಯುವ ಅವಧಿಯಿಂದ ಗುಣಿಸಿದಷ್ಟು. ಇದನ್ನು 1961ರಲ್ಲಿ ಅಮೆರಿಕದ ವಿದ್ವಾಂಸ ಜಾನ್ ಲಿಟಲ್ ಗಣಿತದ ರೀತ್ಯಾ ಸಾಧಿಸಿ ತೋರಿಸಿದರು. ಮೇಲಿನ ಜೈಂಟ್ ವೀಲಿನ ಮುಂದೆ 144 ಜನ ನಿಂತಿದ್ದರೆ ಕಾಯುವಿಕೆ ಅರ್ಧ ಗಂಟೆ ಎಂದು ಯಾವ ಸದಸ್ಯರಾದರೂ ನಿಂತಲ್ಲೇ ಹೇಳಬಹುದು. ತಲೆಗೆ ಅರ್ಧ ಮೀಟರಿನಂತೆ ಆ 144 ಜನರ ಸಾಲಿಗೆ 72 ಮೀಟರ್ ಜಾಗ ಬೇಕು. ಬಯಲಿನಲ್ಲಿ ಅಷ್ಟು ಜಾಗ ಬಿಡದಿದ್ದರೆ ಸಾಲು ತೇರಿನ ಬೀದಿಗೋ ಬಸ್ಸಿನ ದಾರಿಗೋ ಹರಿಯುತ್ತದೆ. ಅಥವಾ ಸಾಲೆಂಬುದೇ ಇಲ್ಲದೆ ಗುಂಪಾಗುತ್ತದೆ. ಗುಂಪಿನಲ್ಲಿ ಮುಂದೆ ಬಂದವರಿಗೆ ಯಾವ ಹಕ್ಕೂ ಇರುವುದಿಲ್ಲ, ತೋಳಿನ ಬಲವೇ ಸರದಿ.

ಜಾತ್ರೆಯ ಬಯಲಿನಲ್ಲಿಯೇ ಇದಕ್ಕೆ ಪರಿಹಾರ ಕಂಡುಕೊಂಡವರೂ ಇದ್ದಾರೆ. ಬಾದಾಮಿಯ ಬನಶಂಕರಿ ಜಾತ್ರೆಗೆ ಬನದ ಹುಣ್ಣಿಮೆಯ ಹೊತ್ತಿಗೆ ವೃತ್ತಿ ನಾಟಕ ಕಂಪನಿಗಳು ಬಂದು ವಾರಗಟ್ಟಲೆ ಬಿಡಾರ ಹೂಡುತ್ತವೆ. ನಾಟಕದ ಟಿಕೆಟ್ಟಿನ ಮೇಲೆ ಆಟದ ಹೊತ್ತು ಇರುತ್ತದೆ. ಕುರ್ಚಿ ತುಂಬಿದ ಮೇಲೆ ಗೇಟಿನಲ್ಲಿ ‘ಹೌಸ್ ಫುಲ್’ ಹಲಗೆ ತೂಗುತ್ತದೆ. ಬಂದವರು ಮುಂದಿನ ಆಟಕ್ಕೆ ಟಿಕೆಟ್ ಪಡೆದು ಜಾತ್ರೆ ಸುತ್ತಲು ಹೋಗುತ್ತಾರೆ. ಹಲಗೆ ತೂಗುವುದನ್ನು ಕಂಪನಿಯ ಮಾಲೀಕರು ಹೆಮ್ಮೆ ಎಂದೇ ಭಾವಿಸುತ್ತಾರೆ. ಅದೇ ಬಯಲಿನ ಜೈಂಟ್ ವೀಲಿನಲ್ಲಿ ಮಾತ್ರ ಅಂತಹ ಹಲಗೆ ತೂಗಿದ್ದನ್ನು ಯಾರೂ ಕಾಣರು.

ಹೊರದೇಶದ ಉದ್ಯಾನಗಳ ಅನುಭವವನ್ನು ಇಲ್ಲಿ ಸ್ವಲ್ಪ ನೋಡುವುದು ಉಚಿತ. ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಜಾರ್ಜ್ ಟಿಲ್ಯೂ 1897ರಲ್ಲಿ ತೆರೆದ ಸ್ಟೀಪಲ್‌ಚೇಸ್ ಉದ್ಯಾನದಲ್ಲಿ ಒಂದೇ ಟಿಕೆಟ್ಟಿಗೆ ಹಲವು ಆಟಗಳೆಂಬ ಪದ್ಧತಿ ಬಂತು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ 1955ರ ಜುಲೈ 17ರಂದು ಆರಂಭವಾದ ದಿನವೇ ನಕಲಿ ಟಿಕೆಟ್ ಹಿಡಿದು ಬಂದವರಿಂದ ಕಿಕ್ಕಿರಿಯಿತು. ಆಮೇಲೆ ಅಲ್ಲಿ ಟಿಕೆಟ್ ಪುಸ್ತಕಗಳು ಜಾರಿಗೆ ಬಂದವು. ಆಟಗಳನ್ನು ಅಕ್ಷರಗಳಿಂದ ದರ್ಜೆಗೊಳಿಸಿ, ಎಲ್ಲರೂ ಬಯಸುವ ದೊಡ್ಡ ಆಟಗಳ ಚೀಟಿ ಕೆಲವೇ, ಸಣ್ಣ ಆಟಗಳ ಚೀಟಿಯೂ ಜೊತೆಗೆ ಎಂಬಂತೆ ಪುಸ್ತಕ ಹೊಲಿದರು. ಜನ ತಾವಾಗಿಯೇ ಬಯಲಿನಲ್ಲೆಲ್ಲ ಹರಡಿದರು. 1982ರಲ್ಲಿ ಆ ಪುಸ್ತಕಗಳು ನಿಂತು ಒಂದೇ ದರದ ಪ್ರವೇಶ ಬಂದಾಗ ಟಿಕೆಟ್ ಕಿಟಕಿಯ ಕೆಲಸ ಕಡಿಮೆಯಾಯಿತು. ಆದರೆ ಆಟಕ್ಕೆ ಬೇರೆ ಹಣವಿಲ್ಲದ ಕಾರಣ ದೊಡ್ಡ ಆಟಗಳ ಮುಂದೆಯೇ ಸಾಲು ಬೆಳೆಯುವ ಸ್ಥಿತಿ ಉಂಟಾಯಿತು. 1999ರಲ್ಲಿ ಅದೇ ಸಂಸ್ಥೆ ‘ಫಾಸ್ಟ್‌ಪಾಸ್’ ಎಂಬ ಸಮಯ ನಿಗದಿತ ಚೀಟಿಯನ್ನು ತಂದಿತು. ಚೀಟಿ ಪಡೆದವರು ಹೇಳಿದ ಹೊತ್ತಿಗೆ ಮರಳಿ ಬಂದರೆ ಸಾಕು, ನಡುವೆ ನಿಲ್ಲಬೇಕಾಗಿಲ್ಲ. ಮೊದಲು ಉಚಿತವಾಗಿದ್ದ ಈ ಸೌಲಭ್ಯದ ಸ್ಥಾನಕ್ಕೆ 2021ರಲ್ಲಿ ಹಣ ಕೊಟ್ಟು ಪಡೆಯುವ ವ್ಯವಸ್ಥೆ ಬಂತು. ಬಿಡದಿ ಬಳಿಯ ವಂಡರ್‌ಲಾದಲ್ಲಿಯೂ ಹೆಚ್ಚು ದರ ಕೊಟ್ಟವರಿಗೆ ಬೇಗ ಹೋಗುವ ಪ್ರತ್ಯೇಕ ಟಿಕೆಟ್ ಇದೆ.

ಈ ವೇಗದ ಟಿಕೆಟ್ಟುಗಳಿಂದ ಯಂತ್ರದಲ್ಲಿ ಒಂದು ಆಸನವೂ ಹೆಚ್ಚುವುದಿಲ್ಲ ಎಂಬುದನ್ನು ಮರೆಯಬಾರದು. ಪಕ್ಕದ ದಾರಿಯಿಂದ ಬಂದ ಒಬ್ಬರಿಗೆ ಕೊಟ್ಟ ಜಾಗ ಸಾಲಿನಲ್ಲಿ ನಿಂತ ಒಬ್ಬರಿಂದ ಕಿತ್ತದ್ದು. ಖಾಸಗಿ ಉದ್ಯಾನ ತನ್ನ ಜಾಗದಲ್ಲಿ ಏನು ಮಾಡಿದರೂ ಅದು ವ್ಯಾಪಾರ. ಊರಿನ ಬಯಲು ಎಲ್ಲರದು. ಅಲ್ಲಿ ದುಡ್ಡಿನವರಿಗೊಂದು ಸಾಲು, ಕೂಲಿಯವರಿಗೊಂದು ಸಾಲು ಎಂಬುದನ್ನು ಪಂಚಾಯಿತಿ ಒಪ್ಪಬೇಕಾಗಿಲ್ಲ. ಗುತ್ತಿಗೆದಾರರು ಸೌಜನ್ಯಕ್ಕೆಂದು ಕಳುಹಿಸುವ ಉಚಿತ ಪಾಸುಗಳ ಪುಸ್ತಕಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅದು ಸಾಮಾನ್ಯವಾಗಿ ಯಾರ ಮನೆಗೆ ತಲುಪುತ್ತದೆ ಎಂಬುದನ್ನು ಈ ಸಭೆಗೆ ವಿವರಿಸುವ ಅಗತ್ಯವಿಲ್ಲ.

ಸಮಯದ ಚೀಟಿ ಒಳ್ಳೆಯದೇ. ಆದರೆ ಚೀಟಿ ಹಂಚುವ ಸ್ಥಳವೇ ಹೊಸ ಸಾಲಾಗುತ್ತದೆ. ತಿರುಪತಿಯಲ್ಲಿ 2025ರ ಜನವರಿ 8ರ ರಾತ್ರಿ ಆರು ಭಕ್ತರು ಪ್ರಾಣ ಕಳೆದುಕೊಂಡದ್ದು ದೇವಾಲಯದ ಬಾಗಿಲಿನಲ್ಲಿ ಅಲ್ಲ, ವೈಕುಂಠ ದ್ವಾರ ದರ್ಶನದ ಟೋಕನ್ ಪಡೆಯಲು ಸೇರಿದ್ದ ಜಾಗದಲ್ಲಿ. ಹಂಚಿಕೆ ಆರಂಭವಾಗಬೇಕಿದ್ದುದು ಮರುದಿನ ಬೆಳಿಗ್ಗೆ. ಜನ ಹಿಂದಿನ ಸಂಜೆಯೇ ನೆರೆದಿದ್ದರು. ಅದೇ ವರ್ಷ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ 11 ಮಂದಿ ಮೃತಪಟ್ಟರು. ಪಾಸು ಬೇಕೇ, ಪ್ರವೇಶ ಉಚಿತವೇ ಎಂಬ ಗೊಂದಲದ ನಡುವೆ ಜನ ದ್ವಾರಗಳಿಗೆ ಮುಗಿಬಿದ್ದಿದ್ದರು. ಎರಡು ಕಡೆಯೂ ಜೀವ ಹೋದದ್ದು ಒಳಗೆ ಹೋಗುವ ಮುನ್ನ, ಚೀಟಿ ಮತ್ತು ಬಾಗಿಲಿನ ಹತ್ತಿರ. ಜಾತ್ರೆಯ ಬಯಲು ಅವುಗಳ ಮುಂದೆ ಚಿಕ್ಕದು, ನಿಜ. ಆದರೆ ಅಲ್ಲಿ ಗೇಟು ಒಂದೇ, ಪೊಲೀಸರು ಬೆರಳೆಣಿಕೆಯಷ್ಟು, ಜನರೇಟರು ನಿಂತರೆ ಕತ್ತಲೆ.

ಪಂಚಾಯಿತಿಯ ಕೈಯಲ್ಲಿ ಇರುವುದೇನು? ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕರಣ 199 ಚಲನಚಿತ್ರ ಪ್ರದರ್ಶನಗಳನ್ನು ಬಿಟ್ಟು ಇತರ ಮನರಂಜನೆಗಳ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಗ್ರಾಮ ಪಂಚಾಯಿತಿಗೆ ನೀಡಿದೆ. ನೀರು, ಆರೋಗ್ಯ, ನೈರ್ಮಲ್ಯದ ಏರ್ಪಾಡು ಮಾಡಿದಲ್ಲಿ ಜಾತ್ರೆಗೆ ಬರುವವರಿಂದ ಶುಲ್ಕ ಪಡೆಯುವ ಅವಕಾಶವನ್ನೂ ಅದೇ ಪ್ರಕರಣ ಕೊಡುತ್ತದೆ. ಜಿಎಸ್‌ಟಿಗಾಗಿ 2016ರಲ್ಲಿ ಸಂವಿಧಾನಕ್ಕೆ ತಂದ 101ನೆಯ ತಿದ್ದುಪಡಿಯಲ್ಲಿಯೂ ಪಂಚಾಯಿತಿ ಮತ್ತು ಪುರಸಭೆಗಳು ವಿಧಿಸುವ ಮನರಂಜನಾ ತೆರಿಗೆಯನ್ನು ಉಳಿಸಲಾಗಿದೆ. ತೆರಿಗೆ ಹಾಕುವವರು ಟಿಕೆಟ್ ಎಣಿಸಲೇಬೇಕು. ಆ ಎಣಿಕೆಯನ್ನೇ ಜನರ ಸುರಕ್ಷತೆಗೂ ಬಳಸಬಹುದು ಎಂಬುದೇ ಈ ಉಪನ್ಯಾಸದ ಮುಖ್ಯ ಸಲಹೆ.

ಕಾರ್ಯರೂಪ ಹೀಗೆ. ಪ್ರತಿ ಯಂತ್ರದಲ್ಲಿ ಸುತ್ತಿಗೆ ಎಷ್ಟು ಜನ, ಹತ್ತಿ ಇಳಿಯುವುದೂ ಸೇರಿ ಎಷ್ಟು ನಿಮಿಷ ಎಂಬುದನ್ನು ಅರ್ಜಿದಾರರು ಬರೆದು ಕೊಡಬೇಕು. ಗಂಟೆಗೆ ಅಷ್ಟೇ ಟಿಕೆಟ್‌ಗಳನ್ನು ಕ್ರಮಸಂಖ್ಯೆ ಹಾಕಿ, ಪಂಚಾಯಿತಿಯ ಮೊಹರು ಒತ್ತಿ ಕೊಡುವುದು. ಏಳರ ಗಂಟೆಗೆ ಒಂದು ಬಣ್ಣ, ಎಂಟರ ಗಂಟೆಗೆ ಇನ್ನೊಂದು ಬಣ್ಣ. ಹಸಿರು ಮುಗಿಯಿತೆಂದರೆ ಆ ಗಂಟೆಯ ಹಲಗೆ ತೂಗಬೇಕು, ಮಾರಾಟ ಮುಂದಿನ ಬಣ್ಣಕ್ಕೆ ಹೋಗಬೇಕು. ಓದು ಬಾರದವರಿಗೂ ಬಣ್ಣ ತಿಳಿಯುತ್ತದೆ. ಟಿಕೆಟ್ ಕಿಟಕಿಯನ್ನು ಯಂತ್ರದ ಕಾಲಬುಡದಲ್ಲಿ ಇಡದೆ ದೂರ ಇಟ್ಟರೆ ಕೊಳ್ಳುವವರ ಗುಂಪೂ ಹತ್ತುವವರ ಸಾಲೂ ಒಂದಕ್ಕೊಂದು ಬೆರೆಯುವುದಿಲ್ಲ. ಹತ್ತುವ ಸಾಲಿಗೆ ಬೊಂಬಿನಿಂದ ಹಾವಿನ ನಡೆಯ ದಾರಿ ಕಟ್ಟಿಸಬೇಕು. ಇಳಿದವರು ಹೊರಹೋಗುವ ದಾರಿ ಬೇರೆಯದೇ ಆಗಿರಬೇಕು.

ಈಚಿನ ಒಂದು ತೊಡಕನ್ನು ಇಲ್ಲಿ ಹೇಳಲೇಬೇಕು. ಕಂಬಕ್ಕೆ ಅಂಟಿಸಿದ ಕ್ಯೂಆರ್ ಕೋಡಿಗೆ ಫೋನಿನಲ್ಲಿ ಹಣ ಹಾಕಿ, ಪರದೆ ತೋರಿಸಿ ಹತ್ತುವ ರೂಢಿ ಬಂದಿದೆ. ಹಣ ಹೋಯಿತು, ಚೀಟಿ ಬರಲಿಲ್ಲ. ಎಷ್ಟು ಜನ ಕಾಯುತ್ತಿದ್ದಾರೆ ಎಂಬುದೂ ತಿಳಿಯದು, ತೆರಿಗೆಯ ಲೆಕ್ಕವೂ ಸಿಗದು. ಜಾತ್ರೆಯ ಸಂದಣಿಯಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ಹಣ ಬಂತು, ಬರಲಿಲ್ಲ ಎಂಬ ಜಗಳ ಗೇಟಿನಲ್ಲಿಯೇ ಆರಂಭವಾಗಿ ಹಿಂದಿನ ಸಾಲೆಲ್ಲ ಒತ್ತತೊಡಗುತ್ತದೆ. ಫೋನಿನ ಪಾವತಿಯನ್ನು ನಿಷೇಧಿಸಬೇಕಾಗಿಲ್ಲ. ಅದು ಕಿಟಕಿಯಲ್ಲಿ ನಡೆಯಲಿ, ಪಾವತಿಸಿದವರಿಗೂ ಅದೇ ಬಣ್ಣದ ಚೀಟಿ ಕೈಗೆ ಸಿಗಲಿ.

ಇಷ್ಟು ಮಾಡಿದರೆ ಹರಾಜಿನ ಮೊತ್ತ ಇಳಿಯುತ್ತದೆ ಎಂಬ ಆಕ್ಷೇಪ ಬರುವುದು ಖಂಡಿತ, ಮತ್ತು ಅದು ಸುಳ್ಳಲ್ಲ. ಮೂರು ನಾಲ್ಕು ರಾತ್ರಿಗಳಲ್ಲಿ ಬಂಡವಾಳ ಹಿಂಪಡೆಯಬೇಕಾದ ಗುತ್ತಿಗೆದಾರರು ಟಿಕೆಟ್ಟಿಗೆ ಮಿತಿ ಬಿದ್ದರೆ ಕಡಿಮೆ ಕೂಗುತ್ತಾರೆ. ಹಾಗೆಯೇ ಅತಿ ಹೆಚ್ಚು ಕೂಗಿದವರೇ ಸುತ್ತಿನ ಅವಧಿ ಕತ್ತರಿಸಿ, ಅಗುಳಿ ನೋಡದೆ ತೊಟ್ಟಿಲು ಬಿಡುವ ಅವಸರಕ್ಕೆ ಬೀಳುತ್ತಾರೆ. ಆದಾಯದ ಒಂದು ಭಾಗವನ್ನು ಬಿಟ್ಟುಕೊಡಬೇಕೋ ಬೇಡವೋ ಎಂಬುದು ಸದಸ್ಯರು ಸಭೆಯಲ್ಲಿ ಬಹಿರಂಗವಾಗಿ ಚರ್ಚಿಸಿ ತೀರ್ಮಾನಿಸಬೇಕಾದ ಸಂಗತಿ. ಹೊಂದಾಣಿಕೆಗೆ ದಾರಿಯೂ ಇದೆ: ಸಣ್ಣ ಆಟಗಳನ್ನು ಸೇರಿಸಿದ ಕುಟುಂಬದ ಟಿಕೆಟ್ ಮಾಡಿಸಿದರೆ ಖಾಲಿ ತಿರುಗುವ ಮಕ್ಕಳ ರೈಲೂ ತುಂಬುತ್ತದೆ, ಜೈಂಟ್ ವೀಲಿನ ಒತ್ತಡವೂ ಇಳಿಯುತ್ತದೆ.

ಯಂತ್ರದ ದೃಢತೆ, ವಿದ್ಯುತ್ ಸಂಪರ್ಕ, ಅಗ್ನಿಶಾಮಕ ವ್ಯವಸ್ಥೆಗಳಿಗೆ ಆಯಾ ಇಲಾಖೆಗಳ ಪ್ರಮಾಣಪತ್ರ ಬೇಕೇ ಬೇಕು; ಸಾಲಿನ ವ್ಯವಸ್ಥೆ ಅವುಗಳಿಗೆ ಬದಲಿಯಲ್ಲ. ಬಯಲು ದೇವಾಲಯಕ್ಕೆ ಸೇರಿದ್ದರೆ ಆಡಳಿತ ಮಂಡಳಿಯೊಡನೆ ಜಂಟಿ ಸಭೆ ನಡೆಸುವುದು ಸೂಕ್ತ. ಯಂತ್ರ ಕೆಟ್ಟರೆ ಅಥವಾ ಕರೆಂಟು ಹೋದರೆ ಉಳಿದ ಟಿಕೆಟ್ಟಿನ ಹಣ ಆ ರಾತ್ರಿಯೇ ಮರಳಬೇಕು ಎಂಬ ಷರತ್ತನ್ನು ಕಿಟಕಿಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಬೇಕು. ಈ ನಿಬಂಧನೆಗಳೆಲ್ಲವೂ ಹರಾಜು ಪ್ರಕಟಣೆಯಲ್ಲಿಯೇ ಸೇರಿರತಕ್ಕದ್ದು. ಕೂಗು ಮುಗಿದು ಮೊತ್ತ ನಿಶ್ಚಯವಾದ ಮೇಲೆ ಹೊಸ ಷರತ್ತು ಹೇರಲು ಹೋದರೆ ಗುತ್ತಿಗೆದಾರರು ಒಪ್ಪುವುದಿಲ್ಲ. ಆದಕಾರಣ ಜಾತ್ರೆಗೆ ಕನಿಷ್ಠ ಎರಡು ತಿಂಗಳು ಮೊದಲು ನಡೆಯುವ ಸಾಮಾನ್ಯ ಸಭೆಯಲ್ಲಿ ಠರಾವು ಆಗುವುದು ಅಗತ್ಯ.