ನಮ್ಮ ಸಹಿಗೆ ಪೂರಾ ಬೆಲೆ
(ಮಹಿಳಾ ಸ್ವ-ಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಮೊದಲು ಒಂದು ಪ್ರಶ್ನೆ. ಬ್ಯಾಂಕಿನಿಂದ ಸಂಘಕ್ಕೆ ಸಾಲ ತೆಗೆಯುವಾಗ ಸಹಿ ಹಾಕುವವರು ಯಾರು? ನಮ್ಮ ಪ್ರತಿನಿಧಿಗಳು, ಹೆಂಗಸರೇ. ಆ ಸಹಿಯನ್ನು ಯಾರಾದರೂ ಅರ್ಧ ಸಹಿ ಅಂತ ಲೆಕ್ಕ ಹಾಕಿದರೆ ಹೇಗಿರುತ್ತೆ? ನಗಬೇಡಿ. ಪಕ್ಕದ ಪಾಕಿಸ್ತಾನದಲ್ಲಿ 1984ರಲ್ಲಿ ಇಂಥದ್ದೇ ಒಂದು ಕಾನೂನು ಬಂತು. ಹಣಕಾಸಿನ ಪತ್ರಕ್ಕೆ ಇಬ್ಬರು ಗಂಡಸರು ಸಾಕ್ಷಿ ಹಾಕಬೇಕು. ಒಬ್ಬನೇ ಗಂಡಸು ಇದ್ದರೆ ಅವನ ಜೊತೆ ಇಬ್ಬರು ಹೆಂಗಸರು ಬೇಕು. ಅಂದರೆ ಇಬ್ಬರು ಹೆಂಗಸರು ಸೇರಿದರೆ ಒಬ್ಬ ಗಂಡಸಿಗೆ ಸಮ! ಇಂಥ ಕಾಲದಲ್ಲಿ ಬಾಯಿ ಮುಚ್ಚಿ ಕೂರದ ಒಬ್ಬ ಹೆಣ್ಣುಮಗಳ ಬಗ್ಗೆ ಇವತ್ತು ಹೇಳುತ್ತೇನೆ. ಅವರ ಹೆಸರು ಕಿಶ್ವರ್ ನಾಹೀದ್. ಉರ್ದು ಭಾಷೆಯ ದೊಡ್ಡ ಕವಿ.

ಅವರು ಹುಟ್ಟಿದ್ದು ನಮ್ಮ ದೇಶದಲ್ಲೇ, ಈಗಿನ ಉತ್ತರ ಪ್ರದೇಶದ ಬುಲಂದ್‌ಶಹರ್‌ನಲ್ಲಿ, 1940ರಲ್ಲಿ. ದೇಶ ಎರಡು ಭಾಗವಾದಾಗ ಆ ಕಡೆ, ಈ ಕಡೆ ಎಷ್ಟೋ ಹೆಣ್ಣುಮಕ್ಕಳನ್ನು ಎಳೆದುಕೊಂಡು ಹೋದರು, ಹಾಳು ಮಾಡಿದರು. ಆ ಹಿಂಸೆಯನ್ನು ಈ ಮಗು ಕಂಡಿತು. 1949ರಲ್ಲಿ ಮನೆಯವರ ಜೊತೆ ಲಾಹೋರಿಗೆ ಹೋಯಿತು. ಕಂಡದ್ದು ಮಾತ್ರ ಮನಸ್ಸಿನಿಂದ ಅಳಿಸಿಹೋಗಲಿಲ್ಲ.

ಅವರ ಮನೆಯಲ್ಲಿ ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸುವ ಪದ್ಧತಿ ಇರಲಿಲ್ಲ. ಕಿಶ್ವರ್ ಹಟ ಬಿಡಲಿಲ್ಲ. ಮನೆಯಲ್ಲೇ ಕೂತು ಓದಿ ಪರೀಕ್ಷೆ ಕಟ್ಟಿದರು. ಆಮೇಲೆ ಕಾಲೇಜಿಗೂ ಹೋದರು. ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಎಂ.ಎ. ಮುಗಿಸಿದರು. ಶಾಲೆಯ ಬಾಗಿಲೇ ತೆರೆಯದಿದ್ದ ಹುಡುಗಿ ಎಲ್ಲಿಯ ತನಕ ಹೋದಳು ನೋಡಿ!

1968ರಲ್ಲಿ ಅವರ ಮೊದಲ ಕವನ ಸಂಕಲನ ಬಂತು. ಅದಕ್ಕೆ ಅಲ್ಲಿನ ಆದಂಜೀ ಸಾಹಿತ್ಯ ಪ್ರಶಸ್ತಿ ಸಿಕ್ಕಿತು. ಕವಿ ಯೂಸುಫ್ ಕಮ್ರಾನ್ ಅವರನ್ನು ಮದುವೆಯಾದರು, ಇಬ್ಬರು ಗಂಡುಮಕ್ಕಳು. ಸರ್ಕಾರಿ ಕೆಲಸ ಮಾಡಿದರು, 'ಮಾಹೇ ನೌ' ಎಂಬ ಸರ್ಕಾರಿ ಮಾಸಪತ್ರಿಕೆಯ ಸಂಪಾದಕಿಯಾಗಿದ್ದರು. ಗಂಡ ತೀರಿಕೊಂಡ ಮೇಲೆ ಮನೆಯ ಭಾರ ಪೂರ್ತಿ ಅವರ ದುಡಿಮೆಯ ಮೇಲೆ ಬಿತ್ತು. ನಮ್ಮಲ್ಲಿ ಎಷ್ಟು ಜನಕ್ಕೆ ಈ ಕಷ್ಟ ಗೊತ್ತಿದೆ ಅಂತ ನಾನು ಹೇಳಬೇಕಾಗಿಲ್ಲ.

1977ರಲ್ಲಿ ಜನರಲ್ ಜಿಯಾ ಉಲ್ ಹಕ್ ಸೈನ್ಯದ ಬಲದಿಂದ ಅಧಿಕಾರ ಹಿಡಿದರು. 1979ರಲ್ಲಿ ಹುದೂದ್ ಕಾನೂನು ತಂದರು. ಅದರ ಪ್ರಕಾರ ಅತ್ಯಾಚಾರಿಗೆ ಅತಿ ಕಠಿಣ ಶಿಕ್ಷೆ ಆಗಬೇಕಾದರೆ ನಾಲ್ಕು ಜನ ಗಂಡಸರು ಕಣ್ಣಾರೆ ಕಂಡ ಸಾಕ್ಷಿ ಹೇಳಬೇಕಿತ್ತು. ರುಜುವಾತು ಆಗದಿದ್ದರೆ ದೂರು ಕೊಟ್ಟ ಹೆಂಗಸಿನ ಮೇಲೇ ವ್ಯಭಿಚಾರದ ಕೇಸು ಬೀಳುವ ಭಯ. ಅತ್ಯಾಚಾರವನ್ನು ಆ ಕಾನೂನಿನಿಂದ ಹೊರಗೆ ತೆಗೆಯಲು 2006 ಬರಬೇಕಾಯಿತು.

ಇದನ್ನು ಒಂದು ಧರ್ಮದವರ ಮೇಲಿನ ಮಾತು ಅಂತ ತಿಳಿಯಬೇಡಿ. ಎದುರು ನಿಂತವರೂ ಅದೇ ಧರ್ಮದ ಹೆಂಗಸರು. ಸಾಕ್ಷಿ ಕಾನೂನಿನ ಮಾತು ಎದ್ದಾಗ, 1983ರ ಫೆಬ್ರವರಿ 12ರಂದು ಅವರು ಲಾಹೋರಿನಲ್ಲಿ ಹೈಕೋರ್ಟಿನ ಕಡೆ ಮನವಿ ಹಿಡಿದು ಹೊರಟರು. ಪೊಲೀಸರು ಲಾಠಿ ಬೀಸಿದರು, ಅಶ್ರುವಾಯು ಬಿಟ್ಟರು, ಹಲವರನ್ನು ಹಿಡಿದುಕೊಂಡು ಹೋದರು. ಮುಂದೆ ಆ ದಿನವೇ ಪಾಕಿಸ್ತಾನದ ರಾಷ್ಟ್ರೀಯ ಮಹಿಳಾ ದಿನವಾಯಿತು.

ಕಿಶ್ವರ್ ಪೆನ್ನು ಹಿಡಿದರು. ಹೆಣ್ಣಿನ ಸ್ಥಿತಿಗತಿಯ ಬಗ್ಗೆ ಫ್ರಾನ್ಸಿನ ಸಿಮೋನ್ ದ ಬೋವಾ ಬರೆದ ಹೆಸರಾಂತ ಪುಸ್ತಕವನ್ನು ಉರ್ದುವಿಗೆ ತಂದರು. ಸರ್ಕಾರ ಅದನ್ನು ಅಶ್ಲೀಲ ಅಂತ ನಿಷೇಧಿಸಿ ಅವರ ಮೇಲೆ ಕೇಸು ಹಾಕಿತು. ಅವರ ಬಹಳ ಪ್ರಸಿದ್ಧ ಕವಿತೆಯ ಹೆಸರಿನ ಅರ್ಥ 'ಪಾಪಿ ಹೆಂಗಸರು ನಾವು'. ಆತ್ಮಕಥೆಯ ಹೆಸರಿನ ಅರ್ಥ 'ಕೆಟ್ಟ ಹೆಂಗಸಿನ ಕಥೆ'. ತಲೆ ತಗ್ಗಿಸದ ಹೆಂಗಸಿಗೆ ಊರು ಕೊಡುವ ಹೆಸರು ಇದೇ ಅಲ್ವಾ? ಬೈಗುಳಕ್ಕೆ ಅಳುತ್ತಾ ಕೂರಲಿಲ್ಲ, ಅದನ್ನೇ ಪುಸ್ತಕದ ಹೆಸರು ಮಾಡಿಕೊಂಡರು. ಕೇಸು ಹಾಕಿದ ಅದೇ ದೇಶ 2000ದಲ್ಲಿ ಅವರಿಗೆ ಸಿತಾರಾ-ಎ-ಇಮ್ತಿಯಾಜ್ ಎಂಬ ಗೌರವ ಕೊಟ್ಟಿತು.

ಇನ್ನೊಂದು ವಿಷಯ ನಮಗೆ ತುಂಬಾ ಹತ್ತಿರದ್ದು. ಬರೀ ಕವಿತೆಯಿಂದ ಒಲೆ ಉರಿಯುವುದಿಲ್ಲ ಅಂತ ಅರ್ಥಶಾಸ್ತ್ರ ಓದಿದ ಅವರಿಗೆ ಗೊತ್ತಿತ್ತು. ಸ್ವಂತ ಆದಾಯ ಇಲ್ಲದ ಹೆಂಗಸರಿಗಾಗಿ ಒಂದು ಸಂಸ್ಥೆ ಕಟ್ಟಿದರು. ಗೃಹ ಕೈಗಾರಿಕೆ, ಕೈಕೆಲಸದ ವಸ್ತುಗಳ ಮಾರಾಟದಿಂದ ಅವರು ತಮ್ಮ ಕಾಲ ಮೇಲೆ ನಿಲ್ಲಬೇಕು, ಇದೇ ಅದರ ಉದ್ದೇಶ. ಅದರ ಹೆಸರು 'ಹವ್ವಾ'. ಆದಾಮ, ಹವ್ವ ಅಂತೀವಲ್ಲ, ಅದೇ ಹವ್ವ, ಮೊದಲ ಹೆಣ್ಣು.

ಸಹೋದರಿಯರೇ, ಅವರ ಬದುಕಿನಿಂದ ನನಗೆ ಕಾಣುವುದು ಇಷ್ಟು. ಓದು, ದುಡಿಮೆ, ಮಾತು, ಈ ಮೂರೂ ಒಟ್ಟಿಗೆ ಹೋಗಬೇಕು. ಕೈಯಲ್ಲಿ ದುಡ್ಡಿದ್ದೂ ಮಾತಾಡಲು ಹೆದರಿದರೆ ಆ ದುಡ್ಡು ಬೇರೆಯವರ ಪಾಲಾಗುತ್ತದೆ. ಅಲ್ಲಿ ಕಾನೂನು ನಮ್ಮಂಥವರ ಸಹಿಗೆ ಅರ್ಧ ಬೆಲೆ ಕಟ್ಟಿತು. ಇಲ್ಲಿ ಅಂಥ ಕಾನೂನು ಇಲ್ಲ. ಆದರೆ ಓದದೆ ಸಹಿ ಹಾಕಿದರೆ, "ನಂಗೇನು ಗೊತ್ತು, ಮನೆಯವರು ಹೇಳಿದ್ರು" ಅಂದರೆ, ನಮ್ಮ ಸಹಿಯ ಬೆಲೆಯನ್ನು ನಾವೇ ಅರ್ಧ ಮಾಡಿದ ಹಾಗೆ.

ಆದ್ದರಿಂದ ಎರಡು ಕೆಲಸ ಮಾಡಿ. ಸಾಲದ ಪತ್ರವನ್ನಾಗಲಿ, ನಡಾವಳಿ ಪುಸ್ತಕವನ್ನಾಗಲಿ ಗಟ್ಟಿಯಾಗಿ ಓದಿಸಿ ಕೇಳದೆ ಯಾರೂ ಸಹಿ ಹಾಕಬೇಡಿ. ನಿಮ್ಮ ಸಂಘದಲ್ಲಿ ಇನ್ನೂ ಹೆಬ್ಬೆಟ್ಟು ಒತ್ತುವ ಅಕ್ಕ, ಅಮ್ಮ ಇದ್ದರೆ ವಾರದ ಸಭೆಯಲ್ಲಿ ಹತ್ತು ನಿಮಿಷ ಪಕ್ಕದಲ್ಲಿ ಕೂತು ಅವರ ಹೆಸರು ಬರೆಯಲು ಕಲಿಸಿ.