ಐದು ಎಕರೆ, ಒಂದು ಕುಟುಂಬ, ಆರುನೂರು ಮಿಲಿಮೀಟರ್ ಮಳೆ

(ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ರೈತ ಕುಟುಂಬಗಳ ಮುಂದೆ ಮಾಡಿದ ಉಪನ್ಯಾಸದ ಪಠ್ಯ)



ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಮರಳಬೇಕೆನ್ನುವ ಮಕ್ಕಳೂ, ಊರಿನಲ್ಲಿಯೇ ಉಳಿದು ದಣಿದಿರುವ ಹಿರಿಯರೂ ಇಂದು ಕೇಳುತ್ತಿರುವ ಪ್ರಶ್ನೆ ಒಂದೇ. ಐದು ಎಕರೆ ಖುಷ್ಕಿ ಭೂಮಿಯಲ್ಲಿ ರಾಸಾಯನಿಕಗಳಿಲ್ಲದೆ, ಸಾಲವಿಲ್ಲದೆ ಒಂದು ಕುಟುಂಬ ನೆಮ್ಮದಿಯಿಂದ ಬದುಕಬಹುದೇ? ಈ ಪ್ರಶ್ನೆಯನ್ನು ಕೇಳಿದವರು ಈ ನಾಲ್ಕು ತಾಲ್ಲೂಕುಗಳವರಷ್ಟೇ ಆಗಿರಲಿಲ್ಲ. ಆದ್ದರಿಂದ ದೂರದ ಒಂದು ಮನೆಯ ಕಥೆಯಿಂದ ಆರಂಭಿಸುವುದು ಉಚಿತ.

ಇಂಗ್ಲೆಂಡಿನ ಪೂರ್ವ ತೀರದಲ್ಲಿ ಸಫಕ್ ಎಂಬ ಪ್ರಾಂತ್ಯವಿದೆ. 1957ರಲ್ಲಿ ಜಾನ್ ಸೀಮರ್ ಮತ್ತು ಅವರ ಪತ್ನಿ ಸ್ಯಾಲಿ ಅಲ್ಲಿ ಐದು ಎಕರೆ ಜಮೀನಿನ ಒಂಟಿ ಮನೆಯೊಂದನ್ನು ಬಾಡಿಗೆಗೆ ಹಿಡಿದರು. ಹಸು ಕಟ್ಟಿದರು, ಹಂದಿ ಕೋಳಿಗಳನ್ನು ಸಾಕಿದರು, ತರಕಾರಿ ಬೆಳೆದರು, ಬೆಣ್ಣೆ ತೆಗೆದರು, ರೊಟ್ಟಿ ಸುಟ್ಟರು. ಮಕ್ಕಳು ಆ ತೋಟದಲ್ಲಿಯೇ ಬೆಳೆದರು. 1961ರಲ್ಲಿ ಸೀಮರ್ ಆ ಬದುಕನ್ನು ಪುಸ್ತಕವಾಗಿ ಬರೆದರು. ಮುಂದೆ ವೇಲ್ಸ್‌ನ ಪೆಂಬ್ರೋಕ್‌ಷೈರ್‌ಗೆ ಹೋಗಿ ನೆಲೆಸಿ, 1976ರಲ್ಲಿ ಸ್ವಾವಲಂಬನೆಯ ಕೈಪಿಡಿಯೊಂದನ್ನು ಪ್ರಕಟಿಸಿದರು. ಜಗತ್ತಿನ ಎಷ್ಟೋ ನಗರವಾಸಿಗಳು ಭೂಮಿಗೆ ಮರಳುವ ಕನಸನ್ನು ಕಂಡದ್ದು ಆ ಪುಸ್ತಕವನ್ನು ಓದಿಯೇ.

ಈ ಕಥೆಯಲ್ಲಿ ಮಧುಗಿರಿಯವರು ಗಮನಿಸಬೇಕಾದ ಸಂಗತಿಯೊಂದಿದೆ. ಸಫಕ್ ತೀರದಲ್ಲಿ ಬೀಳುವ ಮಳೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್. ಈ ನಾಲ್ಕು ತಾಲ್ಲೂಕುಗಳಲ್ಲಿ ಬೀಳುವುದೂ ಹೆಚ್ಚುಕಡಿಮೆ ಅಷ್ಟೇ. ಪಾವಗಡದಲ್ಲಿ ಸ್ವಲ್ಪ ಕಡಿಮೆ, ಕೊರಟಗೆರೆಯ ಬೆಟ್ಟದ ಸೆರಗಿನಲ್ಲಿ ಸ್ವಲ್ಪ ಹೆಚ್ಚು. ಜಮೀನೂ ಐದೇ ಎಕರೆ, ಮಳೆಯೂ ಅಷ್ಟೇ. ಹಾಗಿದ್ದರೆ ಅಲ್ಲಿ ವರ್ಷವಿಡೀ ಹಸಿರಿರುವ ಹುಲ್ಲುಗಾವಲು ಇಲ್ಲಿ ಜನವರಿಗೇ ಬೂದಿಬಣ್ಣಕ್ಕೆ ತಿರುಗುವುದೇಕೆ?

ಉತ್ತರ ಮಳೆಯ ಮೊತ್ತದಲ್ಲಿಲ್ಲ, ಅದರ ಹಂಚಿಕೆಯಲ್ಲಿದೆ. ಅಲ್ಲಿ ಹನ್ನೆರಡು ತಿಂಗಳೂ ಸ್ವಲ್ಪ ಸ್ವಲ್ಪವಾಗಿ ಮಳೆ ಬೀಳುತ್ತದೆ, ಬಿಸಿಲು ಮೃದು. ಇಲ್ಲಿ ವರ್ಷದ ಮಳೆಯ ಅರ್ಧದ ಹತ್ತಿರ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿಯೇ ಸುರಿದುಹೋಗುತ್ತದೆ. ವರ್ಷವಿಡೀ ಬಿಸಿಲು ಮತ್ತು ಗಾಳಿ ಹೀರಬಲ್ಲ ನೀರಿನ ಪ್ರಮಾಣವು ಬೀಳುವ ಮಳೆಯ ಎರಡು ಪಟ್ಟಿಗೂ ಮಿಗಿಲು. ಒಂದು ಎಕರೆಯ ಮೇಲೆ 600 ಮಿಲಿಮೀಟರ್ ಮಳೆ ಬಿತ್ತೆಂದರೆ ಸುಮಾರು 24 ಲಕ್ಷ ಲೀಟರ್ ನೀರು ಬಂದಂತಾಯಿತು. ಐದು ಎಕರೆಗೆ ಒಂದು ಕೋಟಿ 20 ಲಕ್ಷ ಲೀಟರ್. ಇಷ್ಟು ನೀರು ಬಾಗಿಲಿಗೆ ಬಂದು ಹಿಂದಿರುಗಿ ಹೋಗುವ ಮನೆಯನ್ನು ಬಡವರ ಮನೆ ಎನ್ನಬೇಕೋ, ಬಾಗಿಲು ತೆರೆಯಲು ಮರೆತವರ ಮನೆ ಎನ್ನಬೇಕೋ ಯೋಚಿಸಬೇಕು.

ಈ ಸೀಮೆಯ ಹಿರಿಯರು ಆ ಬಾಗಿಲನ್ನು ಮರೆತಿರಲಿಲ್ಲ. ಬೀಳುವ ಮಳೆಯನ್ನು ಹಿಡಿಯಲು ಅವರು ಬದು ಹಾಕಿದರು, ಕೆರೆ ಕಟ್ಟಿದರು. ಅದಕ್ಕಿಂತ ಮುಖ್ಯವಾಗಿ, ಮಳೆಯ ಅನಿಶ್ಚಿತತೆಗೆ ತಕ್ಕಂತೆ ಹೊಲವನ್ನೇ ಜೋಡಿಸಿದರು. ಅದರ ಹೆಸರು ಅಕ್ಕಡಿ ಬೇಸಾಯ. ರಾಗಿಯ ಸಾಲುಗಳ ನಡುವೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಜೋಳ, ಸಾಸಿವೆ; ಹೊಲದ ಅಂಚಿಗೆ ಹರಳು. ನೋಡುವವರಿಗೆ ಇದು ಗೊಂದಲದಂತೆ ಕಂಡೀತು. ಆದರೆ ಪ್ರತಿಯೊಂದು ಗಿಡಕ್ಕೂ ಅಲ್ಲೊಂದು ಹೊಣೆಯಿದೆ. ರಾಗಿಯ ಬೇರು ಮೇಲ್ಮಣ್ಣಿನಲ್ಲಿ ಹರಡುತ್ತದೆ, ತೊಗರಿಯ ತಾಯಿಬೇರು ಆಳಕ್ಕಿಳಿಯುತ್ತದೆ. ಎರಡಕ್ಕೂ ನೀರಿಗಾಗಿ ಜಗಳವಿಲ್ಲ. ದ್ವಿದಳ ಸಸ್ಯಗಳು ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಸ್ಥಿರಗೊಳಿಸಿ, ಎಲೆ ಉದುರಿಸಿ ನೆಲಕ್ಕೆ ಹಿಂದಿರುಗಿಸುತ್ತವೆ. ಹುಚ್ಚೆಳ್ಳಿನ ಹೂವು ಜೇನನ್ನು ಕರೆಯುತ್ತದೆ, ಮನೆಗೆ ಎಣ್ಣೆ ಕೊಡುತ್ತದೆ. ಜೋಳದ ಸೊಪ್ಪೆ ಎತ್ತಿಗೆ. ರಾಗಿ ಕೊಯ್ದ ಮೇಲೆ ಬರಿಯ ಇಬ್ಬನಿ ಮತ್ತು ನೆಲದ ತೇವವನ್ನು ನೆಚ್ಚಿ ಅವರೆ ಕಾಯಿ ಕಟ್ಟುತ್ತದೆ. ಮುಂಗಾರು ತಡವಾದರೆ ನವಣೆ, ಸಾಮೆ. ಅದೂ ಕೈಕೊಟ್ಟರೆ ಹಿಂಗಾರಿನಲ್ಲಿ ಹುರುಳಿ. ಮಳೆ ಯಾವಾಗ ಬಂದರೂ ಬಿತ್ತಲು ಒಂದು ಬೀಜ ಮನೆಯಲ್ಲಿರುತ್ತಿತ್ತು. ಒಳ್ಳೆಯ ವರ್ಷದ ರಾಗಿ ಹಗೇವಿನಲ್ಲಿ ಕುಳಿತು ಕೆಟ್ಟ ವರ್ಷವನ್ನು ದಾಟಿಸುತ್ತಿತ್ತು.

ಈ ವ್ಯವಸ್ಥೆ ಸಡಿಲಗೊಂಡದ್ದು ಒಂದೇ ದಿನದಲ್ಲಲ್ಲ. ಪಾವಗಡ, ಶಿರಾ ಮತ್ತು ಮಧುಗಿರಿಯ ಕೆಂಪು ಮಣ್ಣಿಗೆ ಕಡಲೆಕಾಯಿ ಒಗ್ಗಿತು, ಕೈಗೆ ಕಾಸು ತಂದಿತು. ಅದನ್ನು ದೂಷಿಸುವ ಕಾರಣವಿಲ್ಲ; ಅದೂ ದ್ವಿದಳ ಬೆಳೆಯೇ, ಹಿಂಡಿ ದನಕ್ಕಾಗುತ್ತದೆ, ಹೊಟ್ಟು ಮೇವಾಗುತ್ತದೆ. ತೊಡಕು ಬಂದದ್ದು ಅದೊಂದೇ ಹೊಲವನ್ನೆಲ್ಲ ಆವರಿಸಿದಾಗ. ಎಕರೆಗೆ ರಾಗಿ ಬಿತ್ತನೆಗೆ ನಾಲ್ಕೈದು ಕಿಲೋ ಸಾಕು. ಕಡಲೆಕಾಯಿಗೆ 40ರಿಂದ 50 ಕಿಲೋ ಬೀಜ ಬೇಕು. ಮಳೆ ತಪ್ಪಿದ ವರ್ಷ ಆ ಬೀಜವೇ ಸಾಲವಾಗುತ್ತದೆ. 1994ರ ನಂತರ ತಾಳೆ ಎಣ್ಣೆಯ ಆಮದು ಮುಕ್ತವಾದಾಗ ಎಣ್ಣೆಕಾಳಿನ ಬೆಲೆಯನ್ನು ನಿರ್ಧರಿಸುವ ಸಂತೆ ಸಮುದ್ರದಾಚೆಗೆ ಹೋಯಿತು. ಜೊತೆಗೆ ಕೊಳವೆಬಾವಿಗಳು ಆಳಕ್ಕಿಳಿದವು. ಆಳದ ಕಲ್ಲಿನ ನೀರಿನೊಡನೆ ಫ್ಲೋರೈಡ್ ಮೇಲೆ ಬಂತು. ಇಂದು ಈ ಭಾಗದಲ್ಲಿ ರಾಗಿಯನ್ನು ತಾನೇ ಬೆಳೆಯುವ ಮನೆಯೂ ಕುಡಿಯುವ ನೀರನ್ನು ಶುದ್ಧೀಕರಣ ಘಟಕದಿಂದ ಕ್ಯಾನಿನಲ್ಲಿ ಕೊಂಡು ತರುತ್ತಿದೆ. ಅನ್ನದಲ್ಲಿ ಸ್ವಾವಲಂಬಿಯಾಗಿ ನೀರಿನಲ್ಲಿ ಪರಾವಲಂಬಿಯಾದ ಕುಟುಂಬವನ್ನು ಯಾವ ಸಾಲಿನಲ್ಲಿ ಸೇರಿಸುವುದು?

ಇಲ್ಲಿಯೇ ಸ್ವಾವಲಂಬನೆ ಎಂಬ ಪದವನ್ನು ಎಚ್ಚರದಿಂದ ಪರಿಶೀಲಿಸಬೇಕಾಗಿದೆ. ಸೀಮರ್ ಅವರ ಮನೆ ಹಣವಿಲ್ಲದೆ ನಡೆಯಲಿಲ್ಲ. ಅವರ ಬರಹ ಮತ್ತು ರೇಡಿಯೋ ಭಾಷಣಗಳಿಂದ ಆದಾಯ ಬರುತ್ತಿತ್ತು. ಸ್ಯಾಲಿ ಕುಂಬಾರಿಕೆ ಬಲ್ಲವರು, ಪತಿಯ ಪುಸ್ತಕಗಳಿಗೆ ಚಿತ್ರ ಬರೆದವರೂ ಅವರೇ. ಅಮೆರಿಕದಲ್ಲಿ 1932ರಲ್ಲಿ ನಗರ ಬಿಟ್ಟು ವರ್ಮಾಂಟ್ ಬೆಟ್ಟಗಳಿಗೆ ಹೋದ ಸ್ಕಾಟ್ ಮತ್ತು ಹೆಲೆನ್ ನಿಯರಿಂಗ್ ದಂಪತಿ ದಿನಕ್ಕೆ ನಾಲ್ಕು ಗಂಟೆ ಮಾತ್ರ ಅನ್ನಕ್ಕಾಗಿ ದುಡಿಯಬೇಕೆಂಬ ನಿಯಮ ಹಾಕಿಕೊಂಡಿದ್ದರು. ಅವರಿಗೂ ಮೇಪಲ್ ಮರದ ರಸದಿಂದ ಕಾಯಿಸಿದ ಪಾಕ ಮಾರಿ ಬರುವ ಕಾಸು ಬೇಕಿತ್ತು. ಅಲ್ಲದೆ ಅದು ಚಿಕ್ಕ ಮಕ್ಕಳಿಲ್ಲದ ಮನೆ. ಜಪಾನಿನ ಮಸನೊಬು ಫುಕುವೊಕ ಸಸ್ಯರೋಗ ತಜ್ಞರಾಗಿದ್ದು, ಕೆಲಸ ಬಿಟ್ಟು ತಂದೆಯ ಜಮೀನಿಗೆ ಮರಳಿದವರು. ಮೊದಲಿಗೆ ಕಿತ್ತಳೆ ಗಿಡಗಳನ್ನು ಸವರದೆ ಹಾಗೆಯೇ ಬಿಟ್ಟುಬಿಟ್ಟಾಗ ಕೊಂಬೆಗಳು ಹೆಣೆದುಕೊಂಡು, ಕೀಟ ಮುತ್ತಿ ತೋಟ ಹಾಳಾಯಿತು. ಕೈಬಿಡುವುದು ಬೇರೆ, ಸಹಜ ಕೃಷಿ ಬೇರೆ ಎಂಬುದನ್ನು ಅವರು ಕಲಿತದ್ದು ಆ ನಷ್ಟದಿಂದ.

ಫುಕುವೊಕರ ವಿಚಾರ ಕನ್ನಡ ನಾಡಿನಲ್ಲಿ ಬೇರು ಬಿಟ್ಟಿದೆ. ಪಕ್ಕದ ದೊಡ್ಡಬಳ್ಳಾಪುರ ತಾಲ್ಲೂಕಿನ ಮರಳೇನಹಳ್ಳಿಯಲ್ಲಿ, 2019ರ ಜನವರಿಯಲ್ಲಿ ತೀರಿಕೊಳ್ಳುವವರೆಗೆ, ಎಲ್. ನಾರಾಯಣ ರೆಡ್ಡಿಯವರು ಅದನ್ನು ಬಯಲುಸೀಮೆಗೆ ಹೊಂದಿಸಿ ತೋರಿಸಿದರು. ರಾಸಾಯನಿಕ ಬೇಸಾಯದಲ್ಲಿ ಹೆಚ್ಚು ಇಳುವರಿ ತೆಗೆದರೂ ಕೈಯಲ್ಲಿ ಏನೂ ಉಳಿಯದಿದ್ದುದನ್ನು ಕಂಡು ಮಾರ್ಗ ಬದಲಿಸಿದವರು ಅವರು. ಹೊಲದ ಸುತ್ತ ಮರ ಬೆಳೆಸುವುದೇ ಬೇಸಾಯದ ಬುನಾದಿ ಎಂಬ ಅವರ ನಿಲುವು ಈ ಸೀಮೆಗೆ ನೇರವಾಗಿ ಅನ್ವಯಿಸುತ್ತದೆ.

ಆದರೆ ಇಂತಹ ಕಥೆಗಳಲ್ಲೆಲ್ಲ ಹಿಂದೆ ಉಳಿಯುವ ಒಂದು ಮುಖವಿದೆ. ಪುಸ್ತಕದ ಮೇಲೆ ಗಂಡನ ಹೆಸರು ಅಚ್ಚಾಗುತ್ತದೆ, ಪಹಣಿಯಲ್ಲೂ ಗಂಡನ ಹೆಸರೇ ಇರುತ್ತದೆ. ಕೊಟ್ಟಿಗೆಯ ಕಸ, ನೀರು, ಒಲೆ, ಕಳೆ, ಕೊಯ್ಲು, ತೂರುವುದು, ಕೇರುವುದು, ಬೀಜಕ್ಕೆ ಬೂದಿ ಬೆರೆಸಿ ಗುಡಾಣಕ್ಕೆ ತುಂಬುವುದು ಇವೆಲ್ಲ ಯಾರ ಕೆಲಸ ಎಂಬುದನ್ನು ಈ ಸಭೆಗೆ ಹೇಳಬೇಕಾಗಿಲ್ಲ. ಸಾಮೆ, ನವಣೆ, ಹಾರಕಗಳು ಕಣ್ಮರೆಯಾದದ್ದಕ್ಕೆ ಮಾರುಕಟ್ಟೆಯೊಂದೇ ಕಾರಣವೆಂದು ಹೇಳುವುದು ವಾಡಿಕೆ. ಒನಕೆ ಹಿಡಿದ ಕೈಗಳನ್ನು ಕೇಳಿದರೆ ಬೇರೊಂದು ಕಾರಣ ತಿಳಿಯುತ್ತದೆ. ಹಾರಕದ ಸಿಪ್ಪೆ ಬಿಡಿಸಲು ಬೆಳಗಿನ ಜಾವ ಎದ್ದು ಕುಟ್ಟಬೇಕಿತ್ತು. ನ್ಯಾಯಬೆಲೆ ಅಂಗಡಿಯ ಅಕ್ಕಿ ಬಂದಾಗ ಹೆಂಗಸರ ರಟ್ಟೆಗೆ ಬಿಡುವು ಸಿಕ್ಕಿತು. ಆ ಬಿಡುವನ್ನು ಅವರಿಂದ ಕಿತ್ತುಕೊಂಡು ಸಿರಿಧಾನ್ಯವನ್ನು ಮರಳಿ ತರುವುದು ಅನ್ಯಾಯ. ಊರಿಗೊಂದು ಸಣ್ಣ ಸಿಪ್ಪೆ ಬಿಡಿಸುವ ಯಂತ್ರ ಬಂದರೆ ಮಾತ್ರ ಹೊಲಕ್ಕೆ ಸಾಮೆ ಮರಳೀತು. ಸಾವಯವ ಚಳವಳಿ ಮಣ್ಣಿನ ಇಂಗಾಲವನ್ನು ಅಳೆದಷ್ಟೇ ಶ್ರದ್ಧೆಯಿಂದ ಮನೆಯ ಹೆಣ್ಣುಮಕ್ಕಳ ದುಡಿಮೆಯ ಗಂಟೆಗಳನ್ನೂ ಅಳೆಯಬೇಕು.

ಈಗ ಪಾವಗಡದ ಕಡೆ ನೋಡೋಣ. ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2018ರಿಂದ ಸೌರ ವಿದ್ಯುತ್ ಉತ್ಪಾದನೆ ನಡೆದಿದೆ. 2019ರ ಕೊನೆಗೆ ಅದರ ಸಾಮರ್ಥ್ಯ 2,050 ಮೆಗಾವ್ಯಾಟ್ ಮುಟ್ಟಿತು. ಜಮೀನನ್ನು ಕೊಂಡುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಕಾಲಕಾಲಕ್ಕೆ ಏರಿಕೆಯ ಕರಾರಿನೊಡನೆ, 28 ವರ್ಷಗಳ ಗುತ್ತಿಗೆಗೆ ಪಡೆಯಲಾಯಿತು. ಮೇಲಿಂದ ಮೇಲೆ ಬರ ಕಂಡ ರೈತನಿಗೆ ಆ ಹಣ ಮಳೆಗಿಂತ ನಂಬಿಗಸ್ತವಾಗಿ ಕಂಡರೆ ಅವನನ್ನು ಹಳಿಯುವ ಅಧಿಕಾರ ಯಾರಿಗೂ ಇಲ್ಲ. ಆದರೆ ಲೆಕ್ಕ ಪೂರ್ತಿಯಾಗಬೇಕು. ಪಹಣಿ ಇದ್ದವರಿಗೆ ಗುತ್ತಿಗೆ ಹಣ ಬಂತು. ಅವರ ಹೊಲದಲ್ಲಿ ಕಳೆ ಕೀಳುತ್ತಿದ್ದ ಕೂಲಿಯವರಿಗೆ, ಕೊಯ್ದ ಹೊಲದಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಪಹಣಿಯಿಲ್ಲ, ಗುತ್ತಿಗೆಯೂ ಇಲ್ಲ. ಗುತ್ತಿಗೆ ಆರಂಭವಾದಾಗ ಐದು ವರ್ಷದವಳಾಗಿದ್ದ ಮಗುವಿಗೆ ಅದು ಮುಗಿಯುವಾಗ 33 ವರ್ಷ. ಅಷ್ಟರಲ್ಲಿ ಆ ಮನೆಯ ಗುಡಾಣದ ಬೀಜ ಮೊಳಕೆಯ ಶಕ್ತಿ ಕಳೆದುಕೊಂಡಿರುತ್ತದೆ. ಯಾವ ಮಳೆಗೆ ಏನು ಬಿತ್ತಬೇಕೆಂದು ಬಲ್ಲ ಅಜ್ಜಿಯೂ ಇರುವುದಿಲ್ಲ. ಭೂಮಿ ಹಿಂದಿರುಗುತ್ತದೆ; ಬೇಸಾಯ ಹಿಂದಿರುಗುತ್ತದೆಯೇ?

ಹಾಗಾದರೆ ಮೊದಲ ಪ್ರಶ್ನೆಗೆ ಉತ್ತರವೇನು? ಐದು ಎಕರೆಯಲ್ಲಿ ಕುಟುಂಬ ಬದುಕಬಹುದು, ಆದರೆ ಒಂಟಿಯಾಗಿ ಬದುಕಲಾಗದು. ಐದು ಜನರ ಮನೆಗೆ ವರ್ಷಕ್ಕೆ ಏಳೆಂಟು ಕ್ವಿಂಟಲ್ ಧಾನ್ಯ ಬೇಕು. ಒಳ್ಳೆಯ ವರ್ಷ ಒಂದು ಎಕರೆ ರಾಗಿ ಅದನ್ನು ಕೊಟ್ಟೀತು. ಕೆಟ್ಟ ವರ್ಷಕ್ಕಾಗಿ ಎರಡು ಎಕರೆಯನ್ನು ಅಕ್ಕಡಿಗೆ ಮೀಸಲಿಡುವುದು ವಿವೇಕ. ಒಂದು ಎಕರೆ ಕಡಲೆಕಾಯಿ ತೊಗರಿಗೆ. ಉಳಿದುದರಲ್ಲಿ ಹುಣಸೆ, ನೇರಳೆ, ಸೀತಾಫಲದಂತಹ ಒಣಭೂಮಿಯ ಮರಗಳು, ಮೇವು, ತಗ್ಗಿನ ಮೂಲೆಯಲ್ಲಿ ಒಂದು ಕೃಷಿ ಹೊಂಡ. ಬದುವಿನ ಮೇಲೆ ಹೊಂಗೆ, ಬೇವು, ಗೊಬ್ಬರದ ಗಿಡ. ಹುಣಸೆಗೆ ತುಮಕೂರಿನಲ್ಲಿ ಮಾರುಕಟ್ಟೆ ಇದೆ. ಹತ್ತಾರು ಕುರಿ, ನಾಟಿ ಕೋಳಿಗಳು ಕೈಕಾಸಿಗೆ. ಇಷ್ಟನ್ನು ಒಂದೇ ವರ್ಷದಲ್ಲಿ ಮಾಡಹೊರಟವರು ಸೋಲುತ್ತಾರೆ. ಮೊದಲ ವರ್ಷ ಒಂದೇ ಎಕರೆ ಬದಲಾಗಲಿ. ಊರಿಗೆ ಮರಳುವ ಮಕ್ಕಳು ಕನಿಷ್ಠ ಮೂರು ವರ್ಷದ ಖರ್ಚಿಗೆ ದಾರಿ ಮಾಡಿಕೊಂಡು ಬರಲಿ.

ಆದರೆ ಹೊಂಡಕ್ಕೆ ನೀರು ಬರುವುದು ಮೇಲಿನವನ ಹೊಲದಿಂದ. ಬೀಜ ತಪ್ಪಿದಾಗ ದೊರೆಯುವುದು ನೆರೆಯವಳ ಗುಡಾಣದಿಂದ. ಗೊಬ್ಬರಕ್ಕೆ ಕುರಿ ಮಂದೆ ನಿಲ್ಲಬೇಕಾದರೆ ಊರಿಗೆ ಗೋಮಾಳ ಉಳಿದಿರಬೇಕು. ಜಯಮಂಗಲಿಯ ಮರಳು ತೆಗೆದರೆ ದಂಡೆಯ ಬಾವಿಗಳೆಲ್ಲ ಒಟ್ಟಿಗೆ ಬತ್ತುತ್ತವೆ, ಅಲ್ಲಿ ಸಾವಯವದವನ ಬಾವಿ ಬೇರೆಯಾಗಿ ಉಳಿಯುವುದಿಲ್ಲ. ಆದ್ದರಿಂದ ಸ್ವಾವಲಂಬನೆಯ ಘಟಕ ಕುಟುಂಬವಲ್ಲ, ಊರು. ಕೆರೆಯ ಹೂಳು, ಗೋಮಾಳದ ಗಡಿ, ಬೀಜದ ವಿನಿಮಯ, ಸಿಪ್ಪೆ ಬಿಡಿಸುವ ಯಂತ್ರ, ಪಹಣಿಯಲ್ಲಿ ಹೆಣ್ಣುಮಕ್ಕಳ ಹೆಸರು ಇವು ಗ್ರಾಮಸಭೆಯಲ್ಲಿ ಎತ್ತಬೇಕಾದ ವಿಷಯಗಳು.

ಕೊನೆಯದಾಗಿ, ಮನೆಗೆ ಹೋದ ಮೇಲೆ ಪ್ರತಿಯೊಬ್ಬರೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಈ ವರ್ಷ ಮಳೆ ಬಾರದಿದ್ದರೆ ಮನೆಯಲ್ಲಿರುವ ರಾಗಿ ಎಷ್ಟು ತಿಂಗಳಿಗೆ? ಮುಂದಿನ ಬಿತ್ತನೆಯ ಬೀಜ ಯಾರ ಕೈಯಲ್ಲಿದೆ? ಈ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ಕೊನೆಗೆ ಮಲಗುವವರು ಯಾರು? ಮೂರನೆಯ ಪ್ರಶ್ನೆಗೆ ಪ್ರತಿದಿನವೂ ಒಂದೇ ಹೆಸರು ಉತ್ತರವಾಗಿ ಬರುತ್ತಿದ್ದರೆ, ಆ ಜಮೀನಿಗೆ ಎಷ್ಟೇ ಜೀವಾಮೃತ ಹಾಕಿದರೂ ಅದು ಇನ್ನೂ ಸ್ವಾವಲಂಬಿಯಾಗಿಲ್ಲ ಎಂದೇ ತಿಳಿಯಬೇಕು.