ಸಂಜೆಯ ದೀಪಕ್ಕೆ ತೆರುವ ಬೆಲೆ

(ಲಿಂಗಂಪಲ್ಲಿಯ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ನಾವು ಸೇರಿರುವ ಈ ಊರಿಗೆ ಅಂಟಿಕೊಂಡಂತೆಯೇ ರಾಮಚಂದ್ರಾಪುರದ ಬಿಎಚ್‌ಇಎಲ್ ಕಾರ್ಖಾನೆಯಿದೆ. ಅಲ್ಲಿ ಸಿದ್ಧವಾಗುವ ಯಂತ್ರಗಳಲ್ಲಿ ಅನಿಲ ಟರ್ಬೈನು ಮುಖ್ಯವಾದುದು. ಇಂದು ಆ ಯಂತ್ರದ ವಿಚಾರವಾಗಿಯೇ ನಾಲ್ಕು ಮಾತು ಹೇಳಬಯಸುತ್ತೇನೆ.

ವಿದ್ಯುತ್ತನ್ನು ಭತ್ತದಂತೆ ಕಣಜದಲ್ಲಿ ತುಂಬಿಡುವುದು ಸುಲಭವಲ್ಲ. ಬೇಡಿಕೆ ಎಷ್ಟೋ ಉತ್ಪಾದನೆಯೂ ಆ ಕ್ಷಣದಲ್ಲಿ ಅಷ್ಟೇ ಇರಬೇಕು. ಈ ತಕ್ಕಡಿಯ ಮುಳ್ಳೇ 50 ಹರ್ಟ್ಸ್ ಆವರ್ತನ. ಬೇಡಿಕೆ ಮಿಗಿಲಾದರೆ ಮುಳ್ಳು ಇಳಿಯುತ್ತದೆ. ತೀರಾ ಇಳಿದರೆ ಜಾಲವೇ ಕುಸಿಯುತ್ತದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಜಾಲವು ದೇಶದ ಜಾಲದೊಡನೆ ಬೆಸೆದುಕೊಂಡಿತು. ಅಂದಿನಿಂದ ಲಿಂಗಂಪಲ್ಲಿಯ ದೀಪಕ್ಕೂ ದಿಲ್ಲಿಯ ದೀಪಕ್ಕೂ ಒಂದೇ ನಾಡಿಮಿಡಿತ.

ತಣ್ಣಗಾದ ಕಲ್ಲಿದ್ದಲಿನ ಸ್ಥಾವರ ಮತ್ತೆ ಪೂರ್ಣ ಶಕ್ತಿಗೆ ಬರಲು ಹಲವು ಗಂಟೆಗಳು ಬೇಕು. ಅನಿಲ ಟರ್ಬೈನಾದರೋ ಗಾಳಿಯನ್ನು ಅದುಮಿ, ಅದರಲ್ಲಿ ಅನಿಲವನ್ನುರಿಸಿ, ಆ ಬಿಸಿಯುಸಿರಿನಿಂದಲೇ ತಿರುಗುವಂಥದು. ಅರ್ಧ ಗಂಟೆಯೊಳಗೆ ದುಡಿಮೆಗೆ ಸಿದ್ಧ. ಗರಿಷ್ಠ ಬೇಡಿಕೆಯ ಕೆಲವೇ ಗಂಟೆ ಓಡಿ ಉಳಿದ ಹೊತ್ತು ಸುಮ್ಮನಿರುವುದೂ ಅದರ ಕರ್ತವ್ಯವೇ. ಪಾವಗಡದ 2050 ಮೆಗಾವ್ಯಾಟ್ ಸೌರಶಕ್ತಿ ಸೂರ್ಯಾಸ್ತದೊಡನೆ ಅಡಗುತ್ತದೆ. ಮನೆಮನೆಯಲ್ಲಿ ದೀಪ ಹೊತ್ತುವುದೂ ಆಗಲೇ. ಆ ಕಂದಕವನ್ನು ತುಂಬುವವರು ಬೇಕು.

2024ರಲ್ಲಿ ಯಲಹಂಕದಲ್ಲಿ ಲೋಕಾರ್ಪಣೆಯಾದ 370 ಮೆಗಾವ್ಯಾಟ್ ಅನಿಲ ಸ್ಥಾವರವನ್ನು ಕಟ್ಟಿಕೊಟ್ಟದ್ದು ಬಿಎಚ್‌ಇಎಲ್ ಸಂಸ್ಥೆಯೇ. ಟರ್ಬೈನಿನ ಬಿಸಿಯಿಂದ ಉಗಿಯನ್ನೂ ಎಬ್ಬಿಸುವ ಸಂಯುಕ್ತ ಚಕ್ರದ್ದಾದುದರಿಂದ ಅದು ಕೇವಲ ಗರಿಷ್ಠ ವೇಳೆಯ ಸ್ಥಾವರವಲ್ಲ. ಆದರೆ ಆಮದು ಅನಿಲ ದುಬಾರಿ. ಅಗ್ಗದ ವಿದ್ಯುತ್ತು ಸಾಲದಾದಾಗ ಮಾತ್ರ ಇಂಥವುಗಳಿಗೆ ಕರೆ ಬರುವುದು ಸಹಜ. 2024ರ ಬೇಸಿಗೆಯಲ್ಲಿ, ಮೇ ಮತ್ತು ಜೂನ್ ತಿಂಗಳುಗಳಿಗಾಗಿ, ಕೇಂದ್ರ ಸರ್ಕಾರವು ದೇಶದ ಅನಿಲ ಸ್ಥಾವರಗಳಿಗೆ ಸಿದ್ಧವಾಗಿರುವಂತೆ ಆದೇಶಿಸಬೇಕಾಯಿತು.

“ನಿಂತ ಯಂತ್ರಕ್ಕೇಕೆ ಹಣ?” ಎಂದು ಕೇಳುವವರಿದ್ದಾರೆ. ಕೇಳತಕ್ಕ ಪ್ರಶ್ನೆಯೇ. ಆದರೆ ಅದಕ್ಕೆ ಜೊತೆಯಾಗಿ ಇನ್ನೊಂದು ಪ್ರಶ್ನೆಯನ್ನೂ ಕೇಳೋಣ. ಇಷ್ಟು ಕಾಲ ಕರ್ನಾಟಕದ ಸಂಜೆಯ ಭಾರವನ್ನು ಹೊತ್ತವರು ಯಾರು? ನೀರನ್ನು ಬಿಟ್ಟ ಕೆಲವೇ ನಿಮಿಷಗಳಲ್ಲಿ 1035 ಮೆಗಾವ್ಯಾಟ್ ಕೊಡಬಲ್ಲ ಶರಾವತಿ. ಆ ನೀರಿನಡಿ ಲಿಂಗನಮಕ್ಕಿಯ ಹಿನ್ನೀರಿನ ಹಳ್ಳಿಗಳಿವೆ. ಅಲ್ಲಿಂದ ಎದ್ದು ಹೋದ ಕುಟುಂಬಗಳ ಭೂಹಕ್ಕಿನ ಪ್ರಶ್ನೆ ದಶಕಗಳ ಕಾಲ ಎಳೆಯಿತು. ಅದೇ ಕಣಿವೆಯಲ್ಲಿ ಈಗ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪವೂ ಬಂದಿದೆ.

ಅನಿಲವೂ ನಿರ್ದೋಷಿಯಲ್ಲ, ಕಲ್ಲಿದ್ದಲಿಗಿಂತ ಕಡಿಮೆಯಾದರೂ ಅದೂ ಇಂಗಾಲವನ್ನು ಉಗುಳುತ್ತದೆ. ಆದರೆ ನಿಂತ ಟರ್ಬೈನಿನ ವೆಚ್ಚ ಲೆಕ್ಕದ ಪುಸ್ತಕದಲ್ಲಿ ಎಲ್ಲರಿಗೂ ಕಾಣುತ್ತದೆ. ಮುಳುಗಿದ ಮನೆಯ ವೆಚ್ಚ ಯಾವ ಬಿಲ್ಲಿನಲ್ಲೂ ನಮೂದಾಗುವುದಿಲ್ಲ. ಕಾಣುವ ಬೆಲೆಯನ್ನು ನಾವೆಲ್ಲ ಹಂಚಿಕೊಂಡು ತೆರುವುದು, ಕಾಣದ ಬೆಲೆಯನ್ನು ಕೆಲವರ ತಲೆಗೆ ಕಟ್ಟುವುದಕ್ಕಿಂತ ನ್ಯಾಯವೆಂದು ನನ್ನ ನಂಬಿಕೆ. ಬ್ಯಾಟರಿಗಳು ಅಗ್ಗವಾಗುತ್ತಿವೆ, ನಾಳೆ ಅವೂ ಈ ಹೊರೆಗೆ ಹೆಗಲು ಕೊಟ್ಟಾವು. ಅಲ್ಲಿಯವರೆಗೆ, ನೀರಿನ ಪಂಪನ್ನೂ ಗೀಸರನ್ನೂ ಸಂಜೆಯ ಹೊತ್ತಿಗೆ ತಪ್ಪಿಸುವುದು ನಮ್ಮ ಕೈಯಲ್ಲೇ ಇದೆ.

ಊರು ಬಿಟ್ಟು ಬರುವುದೆಂದರೇನೆಂಬುದನ್ನು ನಾವು ಬಲ್ಲೆವು. ನಾವು ಬಂದದ್ದು ನಮ್ಮ ಇಚ್ಛೆಯಿಂದ. ಶರಾವತಿಯವರು ಹೊರಟದ್ದು ನಮ್ಮ ದೀಪಕ್ಕಾಗಿ. ಸಂಜೆ ಸ್ವಿಚ್ಚು ಒತ್ತುವಾಗ ಈ ಋಣದ ನೆನಪಿರಲಿ.